ಕಿಂಗ್ ಆಲಿವರ್ ತನ್ನ ರೆಕಾರ್ಡಿನಲ್ಲಿ ಎಲ್ಲಿದ್ದಾನೆ?

ಪ್ರಶ್ನೆ: ಮೂರು ವರ್ಷದಿಂದ ಟ್ರಂಪೆಟ್ ಕಲಿಯುತ್ತಿದ್ದೇನೆ. ಲೂಯಿ ಆರ್ಮ್‌ಸ್ಟ್ರಾಂಗ್‌ನ ಗುರು ಎಂದು ಎಲ್ಲರೂ ಹೇಳುವ ಜೋ ‘ಕಿಂಗ್’ ಆಲಿವರ್‌ನ 1923ರ ರೆಕಾರ್ಡ್‌ಗಳನ್ನು ಕೇಳಿದೆ. ಡಬ್ಬದೊಳಗಿಂದ ಬಂದಂಥ ಸದ್ದು, ಎಲ್ಲರೂ ಒಟ್ಟಿಗೇ ಊದುತ್ತಾರೆ. ಇದರಲ್ಲಿ ಆಲಿವರ್ ಯಾರು ಎಂದೇ ಗೊತ್ತಾಗಲಿಲ್ಲ. ಇವನನ್ನು ರಾಜ ಅಂದದ್ದು ಯಾಕೆ? ಹಲ್ಲು ಹೋದದ್ದರಿಂದಲೇ ಬದುಕು ಮುಗಿಯಿತು ಅನ್ನುವುದು ನಿಜವೇ?

ಉತ್ತರ: ಮೊದಲಿಗೆ, ಆ ರೆಕಾರ್ಡ್‌ಗಳಲ್ಲಿ ಆಲಿವರ್ ಊದುವುದು ಟ್ರಂಪೆಟ್ ಅಲ್ಲ, ಕಾರ್ನೆಟ್. ವಾಲ್ವ್ ಮೂರೇ, ಶ್ರುತಿಯೂ ಬೆರಳೂ ನಿಮ್ಮ ಟ್ರಂಪೆಟ್ಟಿನವೇ. ಆದರೆ ಕೊಳವೆ ಹೋಗಹೋಗುತ್ತ ಶಂಕುವಿನಂತೆ ಅಗಲವಾಗುವುದರಿಂದ ನಾದ ದುಂಡಗಿರುತ್ತದೆ, ಟ್ರಂಪೆಟ್ಟಿನಂತೆ ಮುಂದೆ ನುಗ್ಗಿ ಚುಚ್ಚುವುದಿಲ್ಲ. ನೀವು ಟ್ರಂಪೆಟ್ಟಿನ ಹೊಳಪನ್ನು ಹುಡುಕುತ್ತ ಕೂತಿದ್ದರೆ ಆಲಿವರ್ ಕಿವಿಯ ಮುಂದೆಯೇ ಹಾದುಹೋಗಿರುತ್ತಾನೆ.

ಎರಡನೆಯದು, ಗುಂಪಿನಲ್ಲಿ ಅವನು ಬೇರೆಯಾಗಿ ಕೇಳಿಸದಿರುವುದು ನಿಮ್ಮ ಕಿವಿಯ ದೋಷವಲ್ಲ. ಅವನ ಕೆಲಸವೇ ಅದು. ನಾವೆಲ್ಲ ಆರ್ಮ್‌ಸ್ಟ್ರಾಂಗ್ ಆದಮೇಲೆ ಜಾಝ್ ಕೇಳಲು ಕಲಿತವರು: ಒಬ್ಬ ಮುಂದೆ ನಿಂತು ಊದುತ್ತಾನೆ, ಉಳಿದವರು ಹಿಂದೆ ಕೂತು ಸಾಥ್ ಕೊಡುತ್ತಾರೆ. ಆಲಿವರ್‌ನ ನ್ಯೂ ಆರ್ಲಿಯನ್ಸ್ ಶೈಲಿಯಲ್ಲಿ ಹಾಗಿಲ್ಲ. ಕಾರ್ನೆಟ್ಟಿನವನು ಮಧ್ಯ ಸ್ಥಾಯಿಯಲ್ಲಿ ಹಾಡಿನ ಧಾಟಿಯನ್ನು ಹಿಡಿದಿರಬೇಕು. ಅದರ ಮೇಲೆ ಕ್ಲಾರಿನೆಟ್ ಬಳ್ಳಿಯಂತೆ ಸುತ್ತುತ್ತದೆ, ಕೆಳಗೆ ಟ್ರೊಂಬೋನ್ ಸ್ವರದಿಂದ ಸ್ವರಕ್ಕೆ ಜಾರುತ್ತ ತಳ ಕಟ್ಟುತ್ತದೆ. ಬ್ಯಾಂಜೊ, ಪಿಯಾನೊ, ಡ್ರಮ್ಸ್ ನಾಲ್ಕು ಎಣಿಕೆಯನ್ನು ಬಿಡದೆ ನಡೆಸುತ್ತವೆ. ಕಾರ್ನೆಟ್ ಒಂದು ಗಳಿಗೆ ಅತಿಯಾಗಿ ಅಲಂಕಾರಕ್ಕೆ ಹೋದರೂ ಮೇಲಿನವನಿಗೂ ಕೆಳಗಿನವನಿಗೂ ಆಧಾರ ತಪ್ಪಿ, ಏಳು ಮಂದಿಯ ಸಂಗೀತ ಏಳು ದಿಕ್ಕಿಗೆ ಚೆಲ್ಲುತ್ತದೆ. ಆಲಿವರ್ ಹಾಗಾಗಲು ಬಿಡಲಿಲ್ಲ. ಯಾವ ಸ್ವರ ಊದಬಾರದು ಎಂದು ಅವನಿಗೆ ತಿಳಿದಿತ್ತು. ಅವನ ರಾಜತನದ ಬಹುಪಾಲು ಇದರಲ್ಲಿದೆ.

ಬದುಕಿನ ಮೊದಲ ಭಾಗವನ್ನು ಬೇಗ ಹೇಳಿ ಮುಗಿಸುತ್ತೇನೆ. ಹುಟ್ಟಿದ್ದು ಲೂಸಿಯಾನಾದ ಏಬನ್ ಎಂಬಲ್ಲಿ. ವರ್ಷ 1881 ಎಂದು ಕೆಲವು ಪುಸ್ತಕಗಳು, 1885 ಎಂದು ಇನ್ನು ಕೆಲವು. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಗಿತ್ತು. ನ್ಯೂ ಆರ್ಲಿಯನ್ಸಿನಲ್ಲಿ ಹಗಲು ದೊಡ್ಡ ಮನೆಗಳಲ್ಲಿ ಬಟ್ಲರ್ ಕೆಲಸ, ರಾತ್ರಿ ಬ್ಯಾಂಡು. ಮೆರವಣಿಗೆಯ ಬ್ರಾಸ್ ಬ್ಯಾಂಡುಗಳಲ್ಲಿ ಊದಿ, ಟ್ರೊಂಬೋನ್ ವಾದಕ ಕಿಡ್ ಓರಿಯ ತಂಡ ಸೇರಿದ. ‘ಕಿಂಗ್’ ಎಂಬ ಹೆಸರು ಗಟ್ಟಿಯಾದದ್ದು ಅಲ್ಲಿ. ಆ ಊರಿನಲ್ಲಿ ಒಳ್ಳೆಯ ಕಾರ್ನೆಟ್ ವಾದಕನನ್ನು ಜನ ರಾಜ ಎನ್ನುತ್ತಿದ್ದರು. ಅವನಿಗಿಂತ ಮುಂಚೆ ಬಡ್ಡಿ ಬೋಲ್ಡನ್‌ಗೂ ಅದೇ ಪಟ್ಟ ಇತ್ತು. 1917ರಲ್ಲಿ ನೌಕಾಪಡೆಯ ಒತ್ತಾಯದಿಂದ ಸ್ಟೋರಿವಿಲ್ ಎಂಬ ಸೂಳೆಗೇರಿ ಮುಚ್ಚಿತು. ಮರುವರ್ಷ ಆಲಿವರ್ ಶಿಕಾಗೋಗೆ ಹೊರಟ. ಗುಳೆ ಹೊರಟಿದ್ದ ಕಪ್ಪು ಜನರ ದೊಡ್ಡ ಅಲೆ ಆಗ ಅತ್ತಲೇ ಸಾಗುತ್ತಿತ್ತು, ಅವರ ಹಿಂದೆ ಸಂಗೀತವೂ ಹೋಯಿತು.

ಶಿಕಾಗೋದಲ್ಲಿ ಸ್ವಂತ ತಂಡ ಕಟ್ಟಿದ. ಕ್ಯಾಲಿಫೋರ್ನಿಯಾದಲ್ಲಿ ಕೆಲಕಾಲ ಇದ್ದು, 1922ರ ಜೂನಿನಲ್ಲಿ ಮರಳಿ ಬಂದು ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ ನೆಲೆನಿಂತ. ಅದೇ ಬೇಸಿಗೆಯಲ್ಲಿ ನ್ಯೂ ಆರ್ಲಿಯನ್ಸಿಗೆ ತಂತಿ ಹೊಡೆದು, ಆಗಿನ್ನೂ ಇಪ್ಪತ್ತೊಂದು ತುಂಬಿದ್ದ ಆರ್ಮ್‌ಸ್ಟ್ರಾಂಗ್‌ನನ್ನು ಎರಡನೆಯ ಕಾರ್ನೆಟ್ಟಿಗೆ ಕರೆಸಿದ. ಜೊತೆಗೆ ಕ್ಲಾರಿನೆಟ್ಟಿಗೆ ಜಾನಿ ಡಾಡ್ಸ್, ಡ್ರಮ್ಸಿಗೆ ಅವನ ತಮ್ಮ ಬೇಬಿ ಡಾಡ್ಸ್, ಟ್ರೊಂಬೋನಿಗೆ ಆನೊರೆ ಡ್ಯೂಟ್ರೆ, ಪಿಯಾನೊಗೆ ಲಿಲ್ ಹಾರ್ಡಿನ್, ಬಾಸ್ ಮತ್ತು ಬ್ಯಾಂಜೊಗೆ ಬಿಲ್ ಜಾನ್ಸನ್. ಕ್ರಿಯೋಲ್ ಜಾಝ್ ಬ್ಯಾಂಡ್ ಎಂದರೆ ಈ ಏಳು ಜನ.

ಊರಿನ ಬಿಳಿಯ ಹುಡುಗ ವಾದಕರೆಲ್ಲ ಬಂದು ಬೆರಗಾಗಿ ಕೇಳುತ್ತಿದ್ದದ್ದು ಎರಡು ಕಾರ್ನೆಟ್ಟುಗಳ ಬ್ರೇಕನ್ನು. ಬ್ರೇಕ್ ಎಂದರೆ ಸಾಥ್ ಪೂರ್ತಿ ನಿಂತು, ಎರಡು ಬಾರ್, ಅಂದರೆ ಎಂಟು ಎಣಿಕೆಯಷ್ಟು ಹೊತ್ತು ವಾದಕನೊಬ್ಬನೇ ತೂಗಬೇಕಾದ ಜಾಗ. ಇಲ್ಲಿ ಇಬ್ಬರೂ ಒಟ್ಟಿಗೆ, ಬರೆದಿಟ್ಟ ಹಾಳೆಯಿಲ್ಲದೆ, ಒಂದೇ ಧಾಟಿಯನ್ನು ಎರಡು ಸ್ವರಗಳಲ್ಲಿ ಕಚ್ಚಿಕೊಂಡು ಊದುತ್ತಿದ್ದರು. ಗುಟ್ಟು ಸರಳ. ಬ್ರೇಕಿಗೆ ಮುಂಚಿನ ಬಾರುಗಳಲ್ಲಿ, ತಂಡ ಇನ್ನೂ ಪೂರ್ತಿ ನುಡಿಸುತ್ತಿರುವಾಗಲೇ, ಆಲಿವರ್ ಮುಂದೆ ಊದಲಿರುವುದನ್ನು ಪಕ್ಕದವನಿಗೆ ಸೂಚಿಸಿಬಿಡುತ್ತಿದ್ದ, ವಾಲ್ವಿನ ಮೇಲೆ ಬೆರಳಾಡಿಸಿಯೂ ತೋರಿಸುತ್ತಿದ್ದ. ಆರ್ಮ್‌ಸ್ಟ್ರಾಂಗ್ ಅದನ್ನು ಓದಿಕೊಂಡು ಕೆಳಗಿನ ಜೊತೆಸ್ವರವನ್ನು ಆ ಕ್ಷಣದಲ್ಲೇ ಹೊಂದಿಸುತ್ತಿದ್ದ. ‘ಸ್ನೇಕ್ ರ‍್ಯಾಗ್’ ಕೇಳಿ. ಮುಖ್ಯ ಧಾಟಿಯನ್ನು ಬಿಟ್ಟು, ತಂಡ ಸುಮ್ಮನಾಗುವ ಜಾಗಗಳನ್ನಷ್ಟೇ ಹಿಡಿಯಿರಿ. ಎರಡು ಕೊಳವೆ ಒಂದೇ ಉಸಿರಿನಂತೆ ಏಳುತ್ತವೆ. ಎರಡು ಕಾರ್ನೆಟ್ಟಿನ ಇನ್ನೊಂದು ಲಾಭ ವಾದಕರಿಗೆ ಮಾತ್ರ ಗೊತ್ತು: ರಾತ್ರಿಯಿಡೀ ಕುಣಿಯುವವರಿಗೆ ಊದುವಾಗ ಆಗಾಗ ಧಾಟಿಯನ್ನು ಇನ್ನೊಬ್ಬನ ಕೈಗಿತ್ತು ತುಟಿಗೆ ವಿಶ್ರಾಂತಿ ಕೊಡಬಹುದು.

ಇನ್ನು ಡಬ್ಬದ ಸದ್ದು. 1923ರ ಏಪ್ರಿಲ್ 5 ಮತ್ತು 6ರಂದು ತಂಡ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಜೆನೆಟ್ ಕಂಪನಿಗೆ ಮುದ್ರಿಸಿತು. ಮೈಕ್ ಇಲ್ಲ, ಕರೆಂಟಿನ ಪಾತ್ರವೇ ಇಲ್ಲ. ಗೋಡೆಯಿಂದ ಚಾಚಿದ ಲೋಹದ ಕಹಳೆಯ ಬಾಯಿಗೆ ಎಲ್ಲರೂ ಊದಬೇಕು. ಆ ಒತ್ತಡಕ್ಕೆ ತೆಳುವಾದ ಪೊರೆ ಅದುರಿ, ಅದಕ್ಕಂಟಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ಡ್ರಮ್ಸಿನ ದೊಡ್ಡ ಪೆಟ್ಟಿಗೆ ಸೂಜಿ ಗೆರೆ ಬಿಟ್ಟು ಹಾರುತ್ತಿತ್ತು, ಹಾಗಾಗಿ ಬೇಬಿ ಡಾಡ್ಸ್ ಮರದ ತುಂಡುಗಳ ಮೇಲೆ ಟಕಟಕ ಬಡಿದ. ಬಿಲ್ ಜಾನ್ಸನ್ ಬಾಸ್ ಪಕ್ಕಕ್ಕಿಟ್ಟು ಬ್ಯಾಂಜೊ ಹಿಡಿದ. ಸ್ಟುಡಿಯೋ ರೈಲುಹಳಿಯ ಪಕ್ಕದಲ್ಲಿದ್ದದ್ದರಿಂದ ಗಾಡಿ ಬಂದರೆ ಎಲ್ಲ ನಿಲ್ಲಿಸಿ ಕಾಯಬೇಕಿತ್ತು. ಆರ್ಮ್‌ಸ್ಟ್ರಾಂಗ್‌ನ ನಾದ ಉಳಿದವರನ್ನು ಮುಚ್ಚುತ್ತದೆಂದು ಅವನನ್ನು ಹತ್ತು ಹದಿನೈದು ಅಡಿ ಹಿಂದೆ ನಿಲ್ಲಿಸಿದರು ಎಂದು ಲಿಲ್ ಹಾರ್ಡಿನ್ ಮುಂದೆ ನೆನಪಿಸಿಕೊಂಡಿದ್ದಾಳೆ.

ಆ ಕಹಳೆ ಆಲಿವರ್‌ಗೆ ಮಾಡಿದ ಅನ್ಯಾಯ ಬೇರೆಯವರಿಗೆ ಮಾಡಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಳೆಯ ಮುದ್ರಣದಲ್ಲಿ ತೀರ ತಗ್ಗಿನ ಸ್ವರಗಳೂ, ಸುಮಾರು 2500 ಹರ್ಟ್ಸ್‌ನಿಂದ ಮೇಲಿನ ಅನುಸ್ವರಗಳೂ (ಊದಿದ ಸ್ವರದ ಜೊತೆಗೇ ಮೇಲೆ ಸಣ್ಣಗೆ ಮೊಳಗುವ ಸ್ವರಗಳು) ಬಹುಪಾಲು ಸೋರಿಹೋಗುತ್ತವೆ. ಆರ್ಮ್‌ಸ್ಟ್ರಾಂಗ್‌ನ ಚಮತ್ಕಾರ ಇರುವುದು ಸ್ವರಗಳ ಆಯ್ಕೆಯಲ್ಲಿ, ಲಯದಲ್ಲಿ; ಅವು ಎಂಥ ಮುದ್ರಣದಲ್ಲೂ ಉಳಿಯುತ್ತವೆ. ಆಲಿವರ್‌ನದು ನಾದದ ಬಣ್ಣದಲ್ಲಿತ್ತು: ಲೋಟ, ಬಾಟಲಿ, ಬಕೆಟ್ಟು, ಟೋಪಿ, ರಬ್ಬರ್ ಬಟ್ಟಲು, ಏನು ಸಿಕ್ಕರೂ ಕೊಳವೆಯ ಬಾಯಿಗೆ ಹಿಡಿದು ಮಗುವಿನಂತೆ ಅಳಿಸುತ್ತಿದ್ದ, ಮಾತಾಡಿಸುತ್ತಿದ್ದ. ಆ ಬಣ್ಣ ಇರುವುದೇ ಮೇಲಿನ ಅನುಸ್ವರಗಳಲ್ಲಿ. ಸೋರಿಹೋದದ್ದು ಅದೇ.

ಈಗ ‘ಡಿಪ್ಪರ್‌ಮೌತ್ ಬ್ಲೂಸ್’ನ ಜೆನೆಟ್ ಮುದ್ರಣ ಹಾಕಿಕೊಳ್ಳಿ. ಜೂನಿನಲ್ಲಿ ಓಕೆ ಕಂಪನಿಗೆ ಮತ್ತೊಮ್ಮೆ ಮುದ್ರಿಸಿದ್ದಾರೆ, ಗೊಂದಲ ಬೇಡ. ಹಾಡು ಇರುವುದು ಸಿ, ಅಂದರೆ ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದು. ನಿಮಗೆ ಸಿಕ್ಕ ಪ್ರತಿ ಕರಿ ಒಂದಕ್ಕೆ ಏರಿದ್ದರೆ, ತಟ್ಟೆಯನ್ನು ಸುಮಾರು ನೂರಕ್ಕೆ ಆರರಷ್ಟು ವೇಗವಾಗಿ ತಿರುಗಿಸಿ ಪ್ರತಿ ತೆಗೆದಿದ್ದಾರೆ ಎಂದರ್ಥ. ಅಂಥ ಪ್ರತಿಯಲ್ಲಿ ಎಲ್ಲರ ನಾದವೂ ತೆಳ್ಳಗೆ, ಅವಸರದಲ್ಲಿದ್ದಂತೆ ಕೇಳುತ್ತದೆ. ಬೇರೆ ಪ್ರತಿ ಹುಡುಕಿ, ಇಲ್ಲವೇ ವೇಗ ತಗ್ಗಿಸಿ ಕೇಳಿ.

ಒಂದು ಕೋರಸ್ ಎಂದರೆ 12 ಬಾರ್, ನಾಲ್ಕು ನಾಲ್ಕರಂತೆ 48 ಎಣಿಕೆ. ಆದಿತಾಳದ ಕೈ ಹಾಕುವವರಿಗೆ ಸರಿಯಾಗಿ ಆರು ಆವರ್ತ. ನಾಲ್ಕು ಬಾರಿನ ಪೀಠಿಕೆ ಕಳೆದ ಮೇಲೆ ಎಣಿಸಲು ಶುರುಮಾಡಿ. ಮೊದಲ ಎರಡು ಕೋರಸ್ ಇಡೀ ತಂಡದ್ದು. ಆಮೇಲಿನ ಎರಡರಲ್ಲಿ ಜಾನಿ ಡಾಡ್ಸ್‌ನ ಕ್ಲಾರಿನೆಟ್, ಹಿಂದೆ ತಂಡ ತುಂಡು ತುಂಡಾಗಿ ಪೆಟ್ಟು ಕೊಡುತ್ತದೆ. ಐದನೆಯದರಲ್ಲಿ ಮತ್ತೆ ಎಲ್ಲರೂ, ಈ ಸಲ ಮೇಲೆ ಬರುವುದು ಆರ್ಮ್‌ಸ್ಟ್ರಾಂಗ್. ಆರು, ಏಳು, ಎಂಟು ಆಲಿವರ್‌ನವು. ಬಾಯಿ ಮುಚ್ಚಿ ತೆರೆಯುವ ‘ವಾ’ ಸದ್ದು ಕೇಳಿದರೆ ಸಾಕು, ಅವನು ಸಿಕ್ಕ. ಎಂಟರ ಕೊನೆಯ ಬ್ರೇಕಿನಲ್ಲಿ ಒಬ್ಬ ಕೂಗಿ ಹುರಿದುಂಬಿಸುತ್ತಾನಲ್ಲ, ಅದು ಬಿಲ್ ಜಾನ್ಸನ್‌ನ ದನಿ. ಒಂಬತ್ತನೆಯದು ಎಲ್ಲರದು, ಬಾಲದಂತೆ ಎರಡು ಬಾರ್, ಮುಗಿಯಿತು. ಒಟ್ಟು ಎರಡೂವರೆ ನಿಮಿಷದ ಆಸುಪಾಸು.

ಆ ಮೂರು ಕೋರಸ್ಸಿನಲ್ಲಿ ಎಷ್ಟು ಕಡಿಮೆ ಸ್ವರಗಳಿವೆ ನೋಡಿ. ಗಾಂಧಾರವೊಂದರ ಸುತ್ತಲೇ ಸುಳಿಯುತ್ತಾನೆ: ಸಾಧಾರಣ ಗಾಂಧಾರದಿಂದ ಅಂತರ ಗಾಂಧಾರದ ಕಡೆಗೆ ಎಳೆಯುತ್ತಾನೆ, ಪೂರ್ತಿ ತಲುಪುವ ಮೊದಲೇ ಬಟ್ಟಲು ಮುಚ್ಚುತ್ತಾನೆ, ಷಡ್ಜಕ್ಕೆ ಇಳಿಯುತ್ತಾನೆ. ಗಮಕ ತಿಳಿದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಎಷ್ಟೋ ವರ್ಷ ಈ ಹಾಡನ್ನು ಎತ್ತಿಕೊಂಡ ಟ್ರಂಪೆಟ್ ವಾದಕರು ಇದೇ ಮೂರು ಕೋರಸ್ಸನ್ನು ಹೆಚ್ಚುಕಡಿಮೆ ಅಚ್ಚಿನಂತೆ ಊದುತ್ತ ಬಂದರು. ಡ್ಯೂಕ್ ಎಲಿಂಗ್ಟನ್ ತಂಡದ ಗುರುಗುಟ್ಟುವ ನಾದಕ್ಕೂ ಬೇರು ಇಲ್ಲಿದೆ. ಆ ನಾದ ತಂದ ಬಬ್ಬರ್ ಮೈಲಿ ಶಿಕಾಗೋದಲ್ಲಿ ಆಲಿವರ್‌ನನ್ನು ಕೇಳಿದ ಮೇಲೆ ತನ್ನ ಶೈಲಿಯನ್ನೇ ಬದಲಿಸಿಕೊಂಡವನು.

ನೀವೇ ಊದಿ ನೋಡಬೇಕೆಂದರೆ ಅಡುಗೆಮನೆಯ ಸಿಂಕ್ ಕಟ್ಟಿಕೊಂಡಾಗ ಒತ್ತುವ ರಬ್ಬರ್ ಬಟ್ಟಲು ಸಾಕು, ಹೊಸದು ತನ್ನಿ, ಕೋಲು ಕಿತ್ತುಹಾಕಿ. ಬಟ್ಟಲು ಎಡಗೈಯಲ್ಲಿ. ತೊಂದರೆ ಶುರುವಾಗುವುದೇ ಇಲ್ಲಿಂದ: ವಾದ್ಯದ ಭಾರ ಹೊರುತ್ತಿದ್ದದ್ದು ಆ ಎಡಗೈ. ಈಗ ವಾಲ್ವ್ ಒತ್ತುವ ಬಲಗೈಯೇ ಭಾರವನ್ನೂ ಹೊರಬೇಕು. ಕಲಿಯುವವರು ಕಿರುಬೆರಳಿನ ಕೊಕ್ಕೆಗೆ ನೇತುಬಿದ್ದು, ವಾದ್ಯವನ್ನು ಬಾಯಿಗೆ ಎಳೆದುಕೊಂಡು, ತುಟಿಗೆ ಗೊತ್ತಿಲ್ಲದೆ ಒತ್ತಡ ಹೇರುತ್ತಾರೆ. ಹೆಬ್ಬೆರಳನ್ನು ಮೊದಲ ಮತ್ತು ಎರಡನೆಯ ವಾಲ್ವುಗಳ ನಡುವೆ ಕೆಳಗಿನಿಂದ ಆನಿಸಿ ಭಾರ ಅದಕ್ಕೆ ಕೊಡಿ. ಬಟ್ಟಲನ್ನು ಪೂರ್ತಿ ಬಿಗಿಯಾಗಿ ಮುಚ್ಚಬೇಡಿ, ಶ್ರುತಿ ಜಾರುತ್ತದೆ, ಗಾಳಿಯೂ ಕಟ್ಟುತ್ತದೆ. ಒಂದು ಬದಿಯಲ್ಲಿ ಬೆರಳಿನಷ್ಟು ಸಂದು ಇರಲಿ. ತೆರೆಯುವಾಗ ಪೂರ್ತಿ ದೂರ ಒಯ್ಯುವುದೂ ಬೇಡ, ಬಟ್ಟಲ ಒಂದು ಅಂಚು ಕೊಳವೆಯ ಬಾಯಿಗೆ ತಾಗಿದ್ದೇ ಕೀಲಿನಂತೆ ತಿರುಗಲಿ. ಮೊದಲು ಒಂದೇ ಉದ್ದ ಸ್ವರದ ಮೇಲೆ ನಾಲ್ಕೆಣಿಕೆ ಮುಚ್ಚಿ, ನಾಲ್ಕೆಣಿಕೆ ತೆರೆದು, ಟ್ಯೂನರ್ ಎದುರಿಗಿಟ್ಟುಕೊಂಡು ಊದಿ. ಮುಳ್ಳು ಅಲ್ಲಾಡದೆ ನಿಂತಮೇಲೆ ಬ್ಲೂಸಿಗೆ ಬನ್ನಿ.

ಹಲ್ಲಿನ ಮಾತು. ನಿಜ, ಆದರೆ ಅರ್ಧ ನಿಜ.

ಆಲಿವರ್‌ಗೆ ವಸಡಿನ ರೋಗವಿತ್ತು, ಕ್ರಮೇಣ ಹಲ್ಲುಗಳು ಹೋದವು. ಬ್ರೆಡ್ಡಿನ ನಡುವೆ ಸಕ್ಕರೆ ತುಂಬಿ ತಿನ್ನುವ ಚಟದಿಂದ ಹೀಗಾಯಿತು ಎಂದು ಕಥೆ ಹೇಳುವವರಿದ್ದಾರೆ. ತಿನ್ನುತ್ತಿದ್ದದ್ದು ಹೌದು; ಆದರೆ ಸಕ್ಕರೆಯಿಂದ ಮುಖ್ಯವಾಗಿ ಆಗುವುದು ಹುಳುಕು. ವಸಡು ಸಡಿಲಾಗುವುದು ಹಲ್ಲಿನ ಬುಡದಲ್ಲಿ ಕೂತ ಪಾಚಿಯಿಂದ, ಅದು ಗಟ್ಟಿಯಾಗಿ ಕಲ್ಲುಕಟ್ಟಿ ಒಳಗಿನ ಎಲುಬನ್ನು ಕರಗಿಸುವುದರಿಂದ. ಕಾರ್ನೆಟ್ ಊದುವವನಿಗೆ ಇದರಷ್ಟು ಕೆಟ್ಟ ಕಾಯಿಲೆ ಇನ್ನೊಂದಿಲ್ಲ. ಮೌತ್‌ಪೀಸಿನ ಉಂಗುರ ಕೂರುವುದು ತುಟಿಯ ಮೇಲೆ, ತುಟಿಗೆ ಹಿಂದಿನ ಗೋಡೆ ಮುಂಭಾಗದ ಹಲ್ಲುಗಳು. ಗೋಡೆ ಅಲುಗಾಡಿದರೆ ಮೊದಲು ತಾರಸ್ಥಾಯಿ ಹೋಗುತ್ತದೆ, ಆಮೇಲೆ ದಮ್ಮು, ಕೊನೆಗೆ ಸ್ವರ ಹಿಡಿಯುವ ಖಚಿತತೆ. ನೋವು ತಪ್ಪಿಸಲು ಮೌತ್‌ಪೀಸನ್ನು ಅರ್ಧ ಬೆರಳು ಪಕ್ಕಕ್ಕೆ ಸರಿಸಿದರೂ ಇಪ್ಪತ್ತು ವರ್ಷ ಪಳಗಿಸಿದ ಸ್ನಾಯುಗಳು ಕೆಲಸಕ್ಕೆ ಬರುವುದಿಲ್ಲ.

ನಿಮಗೂ ಒಂದು ಮಾತು: ಊದಿದ ಮೇಲೆ ಎಂಜಲಿನಲ್ಲಿ ರಕ್ತದ ಗೆರೆ ಕಂಡರೆ, ಇಲ್ಲವೇ ಮೇಲಿನ ಮುಂದಿನ ಹಲ್ಲು ನಾಲಿಗೆಗೆ ಅಲುಗಿದಂತೆ ಅನ್ನಿಸಿದರೆ, ಅಭ್ಯಾಸ ನಿಲ್ಲಿಸಿ ದಂತವೈದ್ಯರ ಬಳಿ ಹೋಗಿ, ನೀವು ಟ್ರಂಪೆಟ್ ಊದುವವರೆಂದು ಮೊದಲೇ ಹೇಳಿ. ಹಲ್ಲು ಚೆನ್ನಾಗಿರುವಾಗಲೇ ಅಚ್ಚು ತೆಗೆಸಿ ಇಟ್ಟುಕೊಳ್ಳುವ ರೂಢಿ ವಾದಕರಲ್ಲಿದೆ. ಮುಂದೆ ಏನಾದರೂ ಮುರಿದರೆ ಅದೇ ಆಕಾರಕ್ಕೆ ಕಟ್ಟಬಹುದು.

ಉಳಿದರ್ಧ ದುಡ್ಡಿನದು, ಮತ್ತು ಹಟದ್ದು. 1923ರಲ್ಲಿ ಆ ತಂಡ ನಾಲ್ಕು ಕಂಪನಿಗಳಿಗೆ ಸುಮಾರು ಮೂವತ್ತೇಳು ಮುದ್ರಣ ಕೊಟ್ಟು ಉತ್ತುಂಗದಲ್ಲಿತ್ತು. ಆಗಲೇ ಸಂಪಾದನೆಯ ಲೆಕ್ಕ ಕೇಳಿದ ಡಾಡ್ಸ್ ಸೋದರರಿಗೂ ಆಲಿವರ್‌ಗೂ ಜಗಳವಾಗಿ ತಂಡ ಒಡೆಯಿತು. 1924ರ ಮೊದಲಲ್ಲಿ ಲಿಲ್ ಹಾರ್ಡಿನ್ ಆರ್ಮ್‌ಸ್ಟ್ರಾಂಗ್‌ನನ್ನು ಮದುವೆಯಾದಳು, ಕೆಲ ತಿಂಗಳಲ್ಲಿ ಅವನನ್ನೂ ತಂಡದಿಂದ ಬಿಡಿಸಿದಳು. ಹುಡುಗ ತನ್ನ ಪಕ್ಕದಲ್ಲಿ ಎರಡನೆಯವನಾಗಿ ಇರುವವರೆಗೆ ತನ್ನ ಪಟ್ಟಕ್ಕೆ ಕುತ್ತಿಲ್ಲ ಎಂದು ಆಲಿವರ್ ತನ್ನ ಬಳಿ ಒಪ್ಪಿಕೊಂಡಿದ್ದನೆಂದು ಆಕೆಯೇ ಮುಂದೆ ಹೇಳಿದ್ದಾಳೆ. ಹಾಗಿದ್ದೂ ಕೊನೆಯವರೆಗೆ ಆರ್ಮ್‌ಸ್ಟ್ರಾಂಗ್ ‘ಪಾಪಾ ಜೋ’ ಎಂದೇ ಕರೆದ, ಒಂದು ಕಹಿ ಮಾತಾಡಲಿಲ್ಲ.

ಆಲಿವರ್ ಸುಮ್ಮನೆ ಕೂರಲಿಲ್ಲ. 1925ರಿಂದ ಮೂರು ಸ್ಯಾಕ್ಸೊಫೋನ್ ಸೇರಿಸಿ ಡಿಕ್ಸಿ ಸಿಂಕೊಪೇಟರ್ಸ್ ಎಂಬ ದೊಡ್ಡ ತಂಡ ಕಟ್ಟಿದ, ಶಿಕಾಗೋದ ಪ್ಲಾಂಟೇಶನ್ ಕೆಫೆಯಲ್ಲಿ ಎರಡು ವರ್ಷ ಮೆರೆದ. 1926ರ ‘ಸ್ನ್ಯಾಗ್ ಇಟ್’ನಲ್ಲಿ ಅವನು ಊದಿದ ಬ್ರೇಕನ್ನು ಊರಿಗೂರೇ ಕದ್ದಿತು. ಈ ಹೊತ್ತಿಗೆ ಮೈಕಿನ ಮುದ್ರಣ ಬಂದಿತ್ತು, ಹಾಗಾಗಿ ನಿಮ್ಮ ಕಿವಿಗೆ ಇವು ಹೆಚ್ಚು ಹಿತ. ಅದೇ ವರ್ಷದ ‘ಶುಗರ್ ಫುಟ್ ಸ್ಟಾಂಪ್’ ಬೇರೇನಲ್ಲ, ‘ಡಿಪ್ಪರ್‌ಮೌತ್’ ಹೆಸರು ಬದಲಿಸಿಕೊಂಡು ಬಂದದ್ದು. ಎರಡನ್ನೂ ಬೆನ್ನಿಗೆ ಬೆನ್ನು ಕೇಳಿದರೆ ಕಹಳೆಗೂ ಮೈಕಿಗೂ ಇರುವ ಅಂತರ ಒಂದೇ ಏಟಿಗೆ ತಿಳಿಯುತ್ತದೆ.

1927ರಲ್ಲಿ ಪ್ಲಾಂಟೇಶನ್ ಕೆಫೆ ಹಾಳಾಯಿತು. ಆಲಿವರ್ ತಂಡದೊಂದಿಗೆ ನ್ಯೂಯಾರ್ಕಿನ ಸವಾಯ್ ಬಾಲ್‌ರೂಮಿಗೆ ಹೋದ, ಜನ ಮೆಚ್ಚಿದರು. ಆಗ ಅದೇ ಊರಿನ ಕಾಟನ್ ಕ್ಲಬ್ ಎಂಬ ರಾತ್ರಿಕ್ಲಬ್ಬಿನಿಂದ ಕಾಯಂ ಕೆಲಸದ ಕರೆ ಬಂತು. ಸಂಬಳ ಸಾಲದೆಂದು ಒಲ್ಲೆ ಎಂದ. ಆ ಜಾಗಕ್ಕೆ ಡಿಸೆಂಬರಿನಲ್ಲಿ ಬಂದು ಕೂತವನು ಡ್ಯೂಕ್ ಎಲಿಂಗ್ಟನ್. ಅಲ್ಲಿಂದ ರೇಡಿಯೋದಲ್ಲಿ ದೇಶಕ್ಕೆಲ್ಲ ಕೇಳಿಸಿದ. ಲೆಕ್ಕದ ಪ್ರಕಾರ ಆಲಿವರ್ ಹೇಳಿದ್ದು ತಪ್ಪೇನಲ್ಲ, ಹತ್ತು ಜನರ ತಂಡ ಸಾಕುವವನು ಸಂಬಳ ನೋಡಲೇಬೇಕು. ರೇಡಿಯೋದ ಬೆಲೆ ಮಾತ್ರ ಅವನ ಲೆಕ್ಕದಲ್ಲಿ ಬರಲಿಲ್ಲ. ನನ್ನನ್ನು ಕೇಳಿದರೆ ಹಲ್ಲಿಗಿಂತ ಈ ‘ಒಲ್ಲೆ’ಯೇ ದುಬಾರಿ. ಹಲ್ಲು ಹೋದ ನಾಯಕ ಬೇರೆಯವರಿಂದ ಊದಿಸಿ ತಂಡ ನಡೆಸಬಹುದು, ಅವನು ನಡೆಸಿದ ಕೂಡ. ಆದರೆ ಕಾಯಂ ವೇದಿಕೆಯಿಲ್ಲದೆ ತಂಡ ನಿಲ್ಲುವುದಿಲ್ಲ.

ಹಾಗೆ ನಡೆಸಿದ್ದಕ್ಕೆ ಸಾಕ್ಷಿ 1929ರ ಜನವರಿಯಲ್ಲಿ ವಿಕ್ಟರ್ ಕಂಪನಿಗೆ ಮುದ್ರಿಸಿದ ‘ವೆಸ್ಟ್ ಎಂಡ್ ಬ್ಲೂಸ್’. ಸ್ವರ ಹಾಕಿದವನು ಆಲಿವರ್. ಹಿಂದಿನ ಜೂನಿನಲ್ಲಿ ಆರ್ಮ್‌ಸ್ಟ್ರಾಂಗ್ ಅದಕ್ಕೊಂದು ಒಂಟಿ ಪೀಠಿಕೆ ಸೇರಿಸಿ ಊದಿ ಜಗತ್ತನ್ನೇ ಬೆರಗಾಗಿಸಿದ್ದ. ಈಗ ಆಲಿವರ್‌ನ ಹೆಸರಿನ ತಂಡದಲ್ಲಿ, ಆಲಿವರ್‌ನ ಹಾಡಿಗೆ, ಲೂಯಿ ಮೆಟ್ಕಾಫ್ ಎಂಬ ಇನ್ನೊಬ್ಬ ಟ್ರಂಪೆಟ್ ವಾದಕ ಆರ್ಮ್‌ಸ್ಟ್ರಾಂಗ್‌ನ ಆ ಪೀಠಿಕೆಯನ್ನು ಅನುಕರಿಸಿ ಊದುತ್ತಾನೆ.

ಆಮೇಲೆ ಇಳಿಜಾರು. ಶಿಕಾಗೋದ ಬ್ಯಾಂಕು ಮುಳುಗಿ ಉಳಿತಾಯ ಹೋಯಿತು. 1930ರ ದಶಕದಲ್ಲಿ ಕೆಟ್ಟು ನಿಲ್ಲುವ ಬಸ್ಸಿನಲ್ಲಿ ದಕ್ಷಿಣದ ಊರೂರು ತಿರುಗಿದ. ಮುಂದೆ ದೊಡ್ಡ ಹೆಸರಾದ ಸ್ಯಾಕ್ಸೊಫೋನಿನ ಲೆಸ್ಟರ್ ಯಂಗ್ ಕೂಡ ಕೆಲಕಾಲ ಆ ಬಸ್ಸಿನಲ್ಲಿದ್ದ. ಕಡೆಗೆ ಜಾರ್ಜಿಯಾದ ಸವಾನಾದಲ್ಲಿ ನಿಂತು, ತರಕಾರಿ ಮಾರಿ, ಪೂಲ್ ಆಟದ ಹಾಲಿನಲ್ಲಿ ಕಸ ಗುಡಿಸಿ ಬದುಕಿದ. 1937ರಲ್ಲಿ ಅಲ್ಲಿಗೆ ಬಂದ ಆರ್ಮ್‌ಸ್ಟ್ರಾಂಗ್ ಅವನನ್ನು ಕಂಡು ಜೇಬಿನಲ್ಲಿದ್ದದ್ದನ್ನು ಕೊಟ್ಟ. 1938ರ ಏಪ್ರಿಲಿನಲ್ಲಿ ಆಲಿವರ್ ತೀರಿಕೊಂಡ. ಅಕ್ಕ ಬಾಡಿಗೆಗೆಂದು ಇಟ್ಟಿದ್ದ ದುಡ್ಡಿನಲ್ಲಿ ಶವವನ್ನು ನ್ಯೂಯಾರ್ಕಿಗೆ ತರಿಸಿ ವುಡ್‌ಲಾನ್ ಸ್ಮಶಾನದಲ್ಲಿ ಮಣ್ಣು ಮಾಡಿಸಿದಳು. ಸಮಾಧಿಗೆ ಕಲ್ಲು ನೆಡಿಸಲು ದುಡ್ಡು ಉಳಿಯಲಿಲ್ಲ.

ಕೇಳುವ ಕ್ರಮ ಹೀಗಿರಲಿ: ಮೊದಲು ‘ಸ್ನ್ಯಾಗ್ ಇಟ್’, ಆಮೇಲೆ ‘ಶುಗರ್ ಫುಟ್ ಸ್ಟಾಂಪ್’, ಅಲ್ಲಿಂದ ಹಿಂದಕ್ಕೆ ‘ಡಿಪ್ಪರ್‌ಮೌತ್’, ‘ಸ್ನೇಕ್ ರ‍್ಯಾಗ್’. ಇಷ್ಟಾದರೂ ಗುಂಪಿನಿಂದ ಅವನನ್ನು ಬಿಡಿಸಿ ಕೇಳಬೇಕು ಅನ್ನಿಸಿದರೆ, 1924ರ ಕೊನೆಯಲ್ಲಿ ಜೆಲ್ಲಿ ರೋಲ್ ಮಾರ್ಟನ್‌ನ ಪಿಯಾನೊ ಜೊತೆ ಮಾಡಿದ ಎರಡು ಮುದ್ರಣಗಳಿವೆ, ‘ಕಿಂಗ್ ಪೋರ್ಟರ್’ ಮತ್ತು ‘ಟಾಮ್ ಕ್ಯಾಟ್’. ಸದ್ದು ಗೊರಗೊರ, ಡ್ರಮ್ಸಿಲ್ಲ, ಕ್ಲಾರಿನೆಟ್ ಇಲ್ಲ. ಕಾರ್ನೆಟ್ ಒಂದೇ.